ಫೋನ್ ಯಾರ ಕೈಯಲ್ಲಿ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 7

ಅತ್ತೆಯ ಬಿಪಿ ಮಾತ್ರೆಯ ಕಂಪನಿ ಬದಲಾಗಿದೆ. ಅಷ್ಟೇ, ರಗಳೆ ಶುರು. ಡಬ್ಬದೊಳಗಿನ ಚೀಟಿ ಪೂರ್ತಿ ಓದಿ ಹೇಳುವವರೆಗೆ ನುಂಗುವುದಿಲ್ಲ. ಅಕ್ಷರ ಬಾರದು, ಕಿವಿಯೂ ಅರ್ಧಂಬರ್ಧ. ಆದರೂ ಒಂದು ಸಾಲು ಹಾರಿಸಿದರೆ ಅದು ಹೇಗೋ ಗೊತ್ತಾಗಿಬಿಡುತ್ತದೆ. "ಏ ಹುಡುಗಿ, ಚೀಟಿ ಇನ್ನೂ ಉದ್ದ ಇದೆ. ಏನೋ ಬಿಟ್ಟೆ ನೀನು." ನಲವತ್ತೆಂಟು ವರ್ಷದ ಹುಡುಗಿ ನಾನು. ತಲೆಸುತ್ತು, ವಾಂತಿ, ಅಪರೂಪಕ್ಕೆ ಕಾಲು ಊತ... ಎಲ್ಲ ಓದಿದೆ. ಬಸ್ ತಪ್ಪಿತು.

ಇವತ್ತು ಹೆಡ್ ಆಫೀಸಿನವರ ಕಾರ್ಯಾಗಾರ. ವಿಷಯ: ಸ್ಥಳೀಯ ನಾಯಕತ್ವ. ಹದಿನಾಲ್ಕು ವರ್ಷ ಹೆಂಗಸರ ಕೇಂದ್ರ ನಡೆಸಿದವಳಿಗೆ ಸ್ಥಳೀಯ ನಾಯಕತ್ವ ಹೇಳಿಕೊಡುತ್ತಾರಂತೆ, ಹೋಟೆಲಿನ ಎಸಿ ಹಾಲಿನಲ್ಲಿ. ಆಗಲಿ.

ಸಂಜೆ 6

ಬಂದೆ. ತಲೆ ತುಂಬ ಸ್ಲೈಡು. ಹೆಡ್ ಆಫೀಸಿನ ಪ್ರೋಗ್ರಾಂ ಮುಖ್ಯಸ್ಥನಿಗೆ ನಾನೂ ನಮ್ಮ ನರ್ಸೂ ಸೇರಿ ಇಟ್ಟ ಹೆಸರು ಸ್ಲೈಡ್ ಸಾಹೇಬ. ಬಾಯಿ ತೆರೆಯುವ ಮುಂಚೆ ಬಿಳಿ ಗೋಡೆ ಹುಡುಕುತ್ತಾನೆ.

"ಇಷ್ಟು ವರ್ಷ ಹೊರಗಿನವರು ಬಂದು ನಡೆಸಿದ್ರು. ಇನ್ಮೇಲೆ ಸ್ಥಳೀಯರೇ. ತಿಂಗಳ ಕೊನೆಗೆ ನಿಮ್ಮನ್ನೇ ನಿರ್ದೇಶಕಿ ಅಂತ ಘೋಷಣೆ ಮಾಡ್ತೀವಿ ಮೇಡಂ" ಎಂದ. ಹೊರಗಿನವರು ನಡೆಸಿದರಂತೆ! ಐದು ಜನ ನಿರ್ದೇಶಕರು ಬಂದರು, ಹೋದರು. ಒಬ್ಬನಿಗೂ ಬಾತ್‌ರೂಮಿನ ಬೀಗದ ಕೈ ಎಲ್ಲಿರುತ್ತದೆ ಎಂದು ಗೊತ್ತಿರಲಿಲ್ಲ. ನಾನು ಮಾತ್ರ ಅಂದೂ ಕೋಆರ್ಡಿನೇಟರ್, ಇಂದೂ ಕೋಆರ್ಡಿನೇಟರ್.

ಆದರೂ ಖುಷಿಯಾಯಿತು. ಬರೆಯಲೇಬೇಕು, ಎದೆ ಉಬ್ಬಿತು. ಒಪ್ಪಂದ ಪತ್ರ ಎಂದು ಟ್ಯಾಬ್ ಕೈಗೆ ಕೊಟ್ಟರು. "ಬರೀ ಫಾರ್ಮಾಲಿಟಿ ಮೇಡಂ, ಎಲ್ಲಾ ಕೇಂದ್ರದವರೂ ಹಾಕಿದ್ದಾರೆ." ಇಪ್ಪತ್ತೆರಡು ಪುಟ. ಬೆರಳಲ್ಲಿ ಸರ್ರನೆ ಕೆಳಗೆ ಜಾರಿಸಿ, ಬೆರಳಲ್ಲೇ ಸಹಿ ಗೀಚಿದೆ. ಟೀ ಆರುತ್ತಿತ್ತು.

ಮಾರ್ಚ್ 5, ಗುರುವಾರ. ಮಧ್ಯಾಹ್ನ 2

ತರಗತಿಗೆ ಇನ್ನೂ ಒಂದು ಗಂಟೆ. ಕೆಳಗೆ ಹಾರ್ಡ್‌ವೇರ್ ಅಂಗಡಿಯವನು ಪೈಪು ಕೊಯ್ಯುತ್ತಿದ್ದಾನೆ, ಹಲ್ಲೆಲ್ಲ ಜುಮ್ಮೆನ್ನುತ್ತಿದೆ. ಮಹಡಿಯ ಮೇಲೆ ನಮ್ಮವು ಎರಡು ಕೋಣೆ. ಒಂದರಲ್ಲಿ ಬೋರ್ಡು, ಬೆಂಚು, ಅಕ್ಷರ ಕಲಿಯುವ ಹನ್ನೊಂದು ಜನ ಹೆಂಗಸರು. ಇನ್ನೊಂದರಲ್ಲಿ ಪರದೆ, ಮಂಚ, ನಮ್ಮ ನರ್ಸ್ ಸಿಸ್ಟರ್. ಅಲ್ಲಿ ತಪಾಸಣೆ. ಎರಡಕ್ಕೂ ಹೊರಬಾಗಿಲು ಒಂದೇ. ಬೇಕೆಂದೇ ಹಾಗೆ ಮಾಡಿದ್ದು. ಮೆಟ್ಟಿಲು ಹತ್ತಿದವಳು ಓದಲು ಹೋದಳೋ ತೋರಿಸಿಕೊಳ್ಳಲು ಹೋದಳೋ ಬೀದಿಗೆ ತಿಳಿಯಬಾರದು.

ಬೋರ್ಡಿನ ಮೂಲೆಯಲ್ಲಿ ಒಂದು ಸಾಲು. ಮೊದಲ ದಿನ ನಾನೇ ಬರೆದದ್ದು, ಯಾರೂ ಒರೆಸುವುದಿಲ್ಲ: ಓದದೆ ಸಹಿ ಹಾಕಬಾರದು.

ಟೈಲರ್ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಾಳೆ. ಯಾವಾಗಲೂ ಇವಳೇ ಮೊದಲು. ಕತ್ತಿನಲ್ಲಿ ಇನ್ನೂ ಅಳತೆ ಟೇಪು. ಸಹಿ ಮಾಡುವುದನ್ನು ನನ್ನ ಸಹಿ ನೋಡಿಯೇ ಕಲಿತಳು, ಕೊನೆಯ ಅಕ್ಷರಕ್ಕೆ ನನ್ನ ಹಾಗೇ ಬಾಲ ಎಳೆಯುತ್ತಾಳೆ. "ಇಷ್ಟುದ್ದ ಬಾಲ ಯಾಕೆ?" ಎಂದರೆ "ಮಡಿಚಿ ಹೊಲಿಯೋಕೆ ಸ್ವಲ್ಪ ಬಟ್ಟೆ ಜಾಸ್ತಿ ಬಿಡ್ಬೇಕಲ್ಲ ಮೇಡಂ" ಎನ್ನುತ್ತಾಳೆ.

ಮೂರು ಮಕ್ಕಳು. ಮೂರನೇ ಹೆರಿಗೆಯಲ್ಲಿ ಬದುಕಿದ್ದೇ ಹೆಚ್ಚು. ನಾಲ್ಕನೆಯದಾದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರ್ ಮುಖಕ್ಕೇ ಹೇಳಿದ್ದಾರೆ. ಗಂಡನಿಗೆ ನಾಲ್ಕನೆಯದು ಬೇಕು. ಎರಡು ವರ್ಷದ ಹಿಂದೆ ಪರದೆಯಾಚೆ ಕಾಪರ್-ಟಿ ಹಾಕಿಸಿಕೊಂಡಳು. ಗೊತ್ತಿರುವುದು ಅವಳಿಗೆ, ಸಿಸ್ಟರಿಗೆ, ನನಗೆ, ಹಸಿರು ರಿಜಿಸ್ಟರಿಗೆ.

ಆ ರಿಜಿಸ್ಟರಿನಲ್ಲಿ ಒಂದು ಕಾಲಂ ನಾನೇ ಗೆರೆ ಎಳೆದು ಸೇರಿಸಿದ್ದು. "ಫೋನ್ ಯಾರ ಕೈಯಲ್ಲಿ." ನಂಬರ್ ಎಲ್ಲರೂ ಕೊಡುತ್ತಾರೆ, ಆದರೆ ಆ ಫೋನು ಇರುವುದು ಗಂಡನ ಜೇಬಿನಲ್ಲಿ, ಅತ್ತೆಯ ದಿಂಬಿನಡಿ. ಟೈಲರ್ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ: ಗಂಡ. ಅಂಥವರಿಗೆ ತಪಾಸಣೆಯ ದಿನ ಬಂದರೆ ನಾವು ಫೋನ್ ಮಾಡಿ ಹೇಳುವುದು ಒಂದೇ ಮಾತು: "ನೋಟ್‌ಬುಕ್ ಇಲ್ಲೇ ಬಿಟ್ಟು ಹೋಗಿದ್ದಾಳೆ, ಬಂದು ತಗೊಂಡು ಹೋಗೋಕೆ ಹೇಳಿ." ಹೋದ ಸಲ ಅವಳ ಗಂಡ ನಕ್ಕಿದ್ದ. "ನಿಮ್ಮ ಹತ್ರ ಕಲಿಯೋಕೆ ಶುರು ಮಾಡಿದ್ಮೇಲೆ ಇವಳಿಗೆ ಮರೆವು ಜಾಸ್ತಿ ಆಗಿದೆ ಮೇಡಂ!" ಫೋನಿಟ್ಟು ನಾನೂ ಸಿಸ್ಟರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮಾರ್ಚ್ 10, ಮಂಗಳವಾರ

ಹೆಡ್ ಆಫೀಸಿನಿಂದ ಇಬ್ಬರು ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಬಂದರು. ಹೇಳದೆ ಕೇಳದೆ. ಹಸಿರು ರಿಜಿಸ್ಟರ್ ಇಟ್ಟುಕೊಂಡು ಹೆಡ್ ಆಫೀಸಿನ ಹೊಸ ಆ್ಯಪ್‌ಗೆ ಟಕಟಕ ಟೈಪು. ಹೆಸರು, ವಯಸ್ಸು, ನಂಬರ್, ತಪಾಸಣೆ. ನನ್ನ ಕಾಲಂ ಬಂದಾಗ ಬೆರಳು ಪಕ್ಕಕ್ಕೆ ಹಾರಿತು.

"ಅದನ್ನ ಬಿಟ್ರಲ್ಲ?"

"ಆ್ಯಪ್‌ನಲ್ಲಿ ಆ ಕಾಲಂ ಇಲ್ಲ ಮೇಡಂ."

"ಇಲ್ದಿದ್ರೆ ಸೇರಿಸಿ."

"ನಮ್ಮ ಕೈಲಿಲ್ಲ ಮೇಡಂ. ಅಪ್‌ಡೇಟ್ ಬಂದಾಗ ನೋಡೋಣ."

ಸಂಜೆ ಹೋಗುವಾಗ ರಿಜಿಸ್ಟರನ್ನೂ ಚೀಲಕ್ಕೆ ಹಾಕಿಕೊಂಡರು, ಸ್ಕ್ಯಾನ್ ಮಾಡಿ ಕಳಿಸುತ್ತಾರಂತೆ. ಕಿತ್ತುಕೊಳ್ಳಬೇಕಿತ್ತು. ನಿರ್ದೇಶಕಿಯಾಗುವವಳು ಮಕ್ಕಳ ಜೊತೆ ಎಳೆದಾಡುವುದು ಚೆನ್ನಾಗಿರುವುದಿಲ್ಲ ಎಂದುಕೊಂಡು ಸುಮ್ಮನಾದೆ. ಥೂ.

ಮಾರ್ಚ್ 11, ಬುಧವಾರ

ಸ್ಲೈಡ್ ಸಾಹೇಬನಿಗೆ ಫೋನ್. ಮೂರು ಸಲ ಕಟ್ ಮಾಡಿದ, ನಾಲ್ಕನೇ ಸಲ ಎತ್ತಿದ. "ಒಳ್ಳೆ ಸಲಹೆ ಮೇಡಂ, ಫೇಸ್ ಟೂನಲ್ಲಿ, ಮುಂದಿನ ಹಂತದಲ್ಲಿ ಸೇರಿಸೋಣ. ಒಂದು ಮೇಲ್ ಹಾಕಿಬಿಡಿ." ಹಾಕಿದೆ. ಕಾಲಂ ಸೇರಿಸುವವರೆಗೆ ಯಾರ ಫೋನಿಗೂ ಏನೂ ಕಳಿಸಬೇಡಿ ಎಂದು ಬಿಡಿಸಿ ಬಿಡಿಸಿ ಬರೆದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬಂತು.

ಮಾರ್ಚ್ 19, ಗುರುವಾರ. ಬೆಳಿಗ್ಗೆ 11

ಬರೆಯದಿದ್ದರೆ ಏನಾದರೂ ಎತ್ತಿ ಬಿಸಾಡುತ್ತೇನೆ.

ಸಿಸ್ಟರ್ ತನ್ನ ಫೋನ್ ತೋರಿಸಿದಳು. ಅವಳ ತಂಗಿಯೂ ನಮ್ಮಲ್ಲೇ ತೋರಿಸಿಕೊಳ್ಳುವುದು, ತಂಗಿಗೆ ಬಂದದ್ದನ್ನು ಇವಳಿಗೆ ಕಳಿಸಿದ್ದಾಳೆ. "ಪ್ರಿಯ ಫಲಾನುಭವಿ, ನಿಮ್ಮ ಕಾಪರ್-ಟಿ ತಪಾಸಣೆಯ ದಿನಾಂಕ ಸಮೀಪಿಸಿದೆ. ದಯವಿಟ್ಟು ಕೇಂದ್ರಕ್ಕೆ ಭೇಟಿ ನೀಡಿ." ಕೆಳಗೆ ಒಂದು ನಗುವ ಹೂವು. ಬೆಳಿಗ್ಗೆ ಒಂಬತ್ತಕ್ಕೆ, ಇನ್ನೂರ ಹನ್ನೆರಡು ಜನಕ್ಕೆ, ಒಂದೇ ಏಟಿಗೆ.

ಒಂಬತ್ತು ಗಂಟೆ. ಗಂಡಸರು ಜೇಬಿನಲ್ಲಿ ಫೋನಿಟ್ಟುಕೊಂಡು ಕೆಲಸಕ್ಕೆ ಹೊರಡುವ ಹೊತ್ತು. ಎಂಥ ಲೆಕ್ಕಾಚಾರ! ಹೂವು ಬೇರೆ ಇಟ್ಟಿದ್ದಾರೆ, ಇವರ ಮುಖಕ್ಕಿಷ್ಟು.

ಮಧ್ಯಾಹ್ನ 4

ಮೂರು ಗಂಟೆಯ ತರಗತಿಗೆ ಬಂದದ್ದು ನಾಲ್ಕೇ ಜನ. ಮುಂದಿನ ಬೆಂಚು ಖಾಲಿ.

ಮಾರ್ಚ್ 21, ಶನಿವಾರ

ಇವತ್ತೂ ಟೈಲರ್ ಇಲ್ಲ. ತಡೆಯಲಾಗಲಿಲ್ಲ, ಆ ನಂಬರಿಗೇ ಮಾಡಿದೆ. ಗಂಡ ಎತ್ತಿದ. ಬೇರೆ ಏನು ಹೇಳಲಿ, ಅಭ್ಯಾಸಬಲ... "ನೋಟ್‌ಬುಕ್ ಇಲ್ಲೇ ಬಿಟ್ಟು—"

"ಯಾವ ನೋಟ್‌ಬುಕ್ಕು?" ಎಂದ. "ಕಾಪರ್ ನೋಟ್‌ಬುಕ್ಕಾ?"

ಆಮೇಲೆ ಅವನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 24, ಮಂಗಳವಾರ

ಟೈಲರ್ ಸಿಕ್ಕಳು. ಹುಡುಕಿದ್ದು ಲಿಫ್ಟ್ ಅಕ್ಕ. ನಮ್ಮ ತರಗತಿಯವಳೇ, ದೊಡ್ಡ ಆಫೀಸ್ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಾಳೆ. ಟೈಲರಿನ ಅಕ್ಕ ಅದೇ ಕಟ್ಟಡದಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದಾಳಂತೆ. ಆ ಅಕ್ಕನ ಒಂದೇ ಕೋಣೆಯ ಮನೆ, ಅಲ್ಲಿ ಇವಳೂ ಮೂರು ಮಕ್ಕಳೂ. ಬಲಗೈಯ ಎರಡು ಬೆರಳಿಗೆ ಪಟ್ಟಿ.

"ಹೊಲಿಗೆ ಮೆಷಿನ್ನನ್ನ ಮೆಟ್ಟಿಲ ಮೇಲಿಂದ ಕೆಳಕ್ಕೆ ಒದ್ದುಬಿಟ್ಟ ಮೇಡಂ. ಹಿಡ್ಕೊಳ್ಳೋಕೆ ಹೋದೆ, ಬೆರಳು ಸಿಕ್ಕಾಕ್ಕೊಳ್ತು. ಮೆಷಿನ್ ಹೋಯ್ತು." ಬೆರಳಿಗಿಂತ ಮೆಷಿನ್ನಿನದೇ ಸಂಕಟ ಅವಳಿಗೆ.

"ಅದು?" ಎಂದು ನನ್ನ ಜೊತೆ ಬಂದಿದ್ದ ಸಿಸ್ಟರ್ ಮೆಲ್ಲಗೆ ಕೇಳಿದಳು.

"ಇನ್ನೂ ಇದೆ. ತೆಗೆಸ್ಕೊಂಡು ಬಂದ್ರೆ ಮಾತ್ರ ಮನೆ ಒಳಗೆ ಅಂದಿದ್ದಾನೆ. ನಾನು ತೆಗೆಸಲ್ಲ. ನಂಗೆ ಸಾಯೋಕೆ ಇಷ್ಟ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಮೇಡಂ, ಫೋನ್ ಅವನ ಕೈಲಿ ಅಂತ ನಾನೇ ಬರೆಸಿದ್ದೆನಲ್ಲ? ನೀವು ದಪ್ಪಕ್ಕೆ ಬರ್ಕೊಂಡಿದ್ರಲ್ಲ? ಮತ್ತೆ ಮೆಸೇಜ್ ಯಾರು ಕಳಿಸಿದ್ದು?"

"ಹೆಡ್ ಆಫೀಸಿನವರು" ಎಂದೆ.

ಸುಳ್ಳಲ್ಲ. ಆದರೂ ಹೇಳಿದ ಮೇಲೆ ಬಾಯಿ ಕಹಿಯಾಯಿತು.

ಮಾರ್ಚ್ 26, ಗುರುವಾರ. ಮಧ್ಯಾಹ್ನ 1, ಬಸ್ಸಿನಲ್ಲಿ

ಹೆಡ್ ಆಫೀಸಿಗೆ ಹೋಗಿ ಬರುತ್ತಿದ್ದೇನೆ. ಉಗಿದು ಬರಬೇಕೆಂದು ಹೋದವಳು.

ಸ್ಲೈಡ್ ಸಾಹೇಬ ಕುರ್ಚಿ ಎಳೆದು ಕೂರಿಸಿದ. ನೀರು ತರಿಸಿದ. ಆಮೇಲೆ ಒಂದು ಹಾಳೆ ಮುಂದಿಟ್ಟ, ನಿನ್ನೆ ನಾನು ಫೋನಿನಲ್ಲಿ ಎಲ್ಲ ಹೇಳಿದ್ದಕ್ಕೆ ಆಗಲೇ ತಯಾರು ಮಾಡಿಟ್ಟ ಹೇಳಿಕೆಯಂತೆ. "ಫಲಾನುಭವಿಯು ತಪ್ಪು ದೂರವಾಣಿ ಸಂಖ್ಯೆ ನೀಡಿದ್ದರಿಂದ ಉಂಟಾದ ಅಚಾತುರ್ಯಕ್ಕೆ ಸಂಸ್ಥೆ ವಿಷಾದಿಸುತ್ತದೆ." ಕೆಳಗೆ ನನ್ನ ಸಹಿಗೆ ಜಾಗ.

"ತಪ್ಪು ಸಂಖ್ಯೆನಾ? ಆ ಮನೇಲಿ ಇರೋದೇ ಒಂದು ಫೋನು!"

"ಮೇಡಂ, ಸೋಮವಾರ ಕಾರ್ಯಕ್ರಮ. ದಾನಿಗಳು ಬರ್ತಿದ್ದಾರೆ. ಸ್ಥಳೀಯ ನಿರ್ದೇಶಕಿ ಅಂತ ನಿಮ್ಮ ಹೆಸರು ಬ್ಯಾನರಿನಲ್ಲಿ ಹಾಕಿಸಿಯಾಗಿದೆ."

ಟೈಲರಿನ ತಲೆ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳುವ ಆಟ ಇದು ಎಂದೆ. ಇನ್ನೂ ಜೋರಾಗಿಯೇ ಅಂದೆ. ಹೊರಗಿನ ಟೈಪಿಸ್ಟ್ ತಿರುಗಿ ನೋಡಿದಳು. ಅವನು ಸಿಟ್ಟಾಗಲಿಲ್ಲ. ಅದೇ ಮೈ ಉರಿಸಿದ್ದು. ಡ್ರಾಯರಿನಿಂದ ಒಂದು ಕಟ್ಟು ತೆಗೆದ. ಆ ಇಪ್ಪತ್ತೆರಡು ಪುಟ, ಪ್ರಿಂಟ್ ಮಾಡಿಸಿ ಇಟ್ಟುಕೊಂಡಿದ್ದಾನೆ. ಹದಿನೇಳನೇ ಪುಟ ತೆರೆದು ಬೆರಳಿಟ್ಟ.

"ಪ್ರತಿಯೊಬ್ಬ ಫಲಾನುಭವಿಯ ದೂರವಾಣಿಗೆ ಸಂದೇಶ ಕಳಿಸಲು ಅವರ ಒಪ್ಪಿಗೆ ಪಡೆದಿದ್ದೇನೆ ಎಂದು ಸ್ಥಳೀಯ ಮುಖ್ಯಸ್ಥೆಯಾದ ನಾನು ದೃಢೀಕರಿಸುತ್ತೇನೆ."

ಕೊನೆಯಲ್ಲಿ ನನ್ನ ಸಹಿ. ಬಾಲ ಸಮೇತ.

"ಅವರ ತಪ್ಪಲ್ಲ ಅಂದ್ರೆ ನಿಮ್ಮ ತಪ್ಪು ಅಂತಾಗುತ್ತೆ ಮೇಡಂ. ನಂಗೂ ಬೇಜಾರು. ಯೋಚನೆ ಮಾಡಿ" ಎಂದ. ಎರಡರ ಪ್ರತಿಯನ್ನೂ ಕವರಿನಲ್ಲಿ ಹಾಕಿ ಕೊಟ್ಟ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತನ್ನನ್ನು ಹೊರಗೆ ತೆಗೆದುಕೊಂಡುಬಿಟ್ಟ. ಅವನನ್ನು ಬೈಯಲು ಕೂತರೆ ಬೈಗುಳವೆಲ್ಲ ಸುತ್ತಿ ಸುತ್ತಿ ನನ್ನ ಹತ್ತಿರವೇ ಬರುತ್ತಿದೆ.

ಸಂಜೆ 7

ಅತ್ತೆಗೆ ಹೇಳಿದೆ. ಯಾಕೆ ಹೇಳಿದೆನೋ. ಅರ್ಧ ಕೇಳಿಸಿತು, ಪೂರ್ತಿ ಅರ್ಥವಾಯಿತು.

"ಸಹಿ ಹಾಕೋಕೆ ಮುಂಚೆ ಓದ್ಲಿಲ್ವಾ?"

"ಇಪ್ಪತ್ತೆರಡು ಪುಟ ಅತ್ತೆ! ಎಲ್ಲರೂ ಹಾಕ್ತಿದ್ರು! ನಿಮ್ಮ ಮಾತ್ರೆ ಚೀಟಿ ಅಂದ್ಕೊಂಡ್ರಾ ಅದನ್ನ?" ಕಿರುಚಿದೆ. ಎಪ್ಪತ್ತೆಂಟರ ಹೆಂಗಸಿನ ಮೇಲೆ.

ಅವರು ಮಾತ್ರೆ ಡಬ್ಬ ಮುಚ್ಚಿದರು. "ನನ್ನ ಒಂದು ಹೊಟ್ಟೆಗೆ ಹೋಗೋದಕ್ಕೆ ಅಷ್ಟು ಓದ್ತೀಯಲ್ಲ, ಅದಕ್ಕೆ ಕೇಳ್ದೆ."



ಮಾರ್ಚ್ 27, ಶುಕ್ರವಾರ. ಸಂಜೆ 5.30

ಎಲ್ಲವನ್ನೂ ಬರೆದಿಡುತ್ತೇನೆ.

ಮೂರು ಗಂಟೆಗೆ ಹನ್ನೊಂದು ಜನವೂ ಬಂದರು. ಟೈಲರನ್ನು ಲಿಫ್ಟ್ ಅಕ್ಕ ಕೈಹಿಡಿದು ಕರೆತಂದಳು. ಪಾಠದ ಪುಸ್ತಕ ಮುಚ್ಚಿಸಿದೆ. ಕವರಿನಿಂದ ಹೇಳಿಕೆ ತೆಗೆದು ಮುಂದಿನ ಬೆಂಚಿನ ಮೇಲಿಟ್ಟೆ. "ಇವತ್ತು ಇದನ್ನ ಓದೋಣ" ಎಂದೆ. ದೊಡ್ಡ ಧೈರ್ಯವಂತೆ ನಾನು! ಸ್ಲೈಡ್ ಸಾಹೇಬನ ಹುಳುಕು ಇವರ ಮುಂದೆ ಬಿಚ್ಚಿಡುತ್ತೇನೆ ಎಂಬ ಹುಮ್ಮಸ್ಸು. ಇನ್ನೊಂದು ಕಟ್ಟು ಕವರಿನಲ್ಲೇ ಇತ್ತು.

ಟೈಲರ್ ಓದಿದಳು. ಪಟ್ಟಿ ಕಟ್ಟಿದ ಬೆರಳನ್ನೇ ಅಕ್ಷರದ ಕೆಳಗೆ ಇಟ್ಟುಕೊಂಡು. "ಫ... ಲಾ... ನು... ಭ... ವಿ. ಫಲಾನುಭವಿ. ಅಂದ್ರೆ ಯಾರು ಮೇಡಂ?"

"ನೀನು."

"ನಾನಾ?" ಮುಂದೆ ಓದಿದಳು. "ತಪ್ಪು... ದೂರವಾಣಿ ಸಂಖ್ಯೆ... ನೀಡಿದ್ದರಿಂದ." ನಿಂತಳು. ಮತ್ತೆ ಮೊದಲಿನಿಂದ ಓದಿದಳು. "ನಾನು ತಪ್ಪು ನಂಬರ್ ಕೊಟ್ಟೆನಾ?"

ಕೋಣೆಯಲ್ಲಿ ಒಮ್ಮೆಗೇ ಗದ್ದಲ. ಮೊಟ್ಟೆಯಮ್ಮ ಎದ್ದೇಬಿಟ್ಟಳು. ಅರವತ್ತು ದಾಟಿದೆ, ತಳ್ಳುಗಾಡಿಯಲ್ಲಿ ಮೊಟ್ಟೆ ಮಾರುತ್ತಾಳೆ, ಬೀದಿಗೆಲ್ಲ ಕೇಳುವ ಗಂಟಲು. "ಯಾವನವನು ಬರೆದವನು? ಕರೀರಿ ಇಲ್ಲಿಗೆ! ಕೊಳೆತ ಮೊಟ್ಟೆ ಎಲ್ಲ ಎತ್ತಿಟ್ಟಿದೀನಿ!"

ಟೈಲರ್ ಗದ್ದಲ ಮಾಡಲಿಲ್ಲ. "ನಾವು ಒಪ್ಕೊಳ್ದೆ ಹೇಗೆ ಕಳಿಸಿದ್ರು? ಒಪ್ಪಿಗೆ ಯಾರು ಕೊಟ್ರು?"

ಆಗ ಹೇಳಬಹುದಿತ್ತು, ಬಾಯಿ ಬಿಟ್ಟು. ಹೇಳಲಿಲ್ಲ. ಕವರಿನಿಂದ ಹದಿನೇಳನೇ ಪುಟ, ಕೊನೆಯ ಪುಟ ತೆಗೆದು ಮುಂದಿಟ್ಟೆ. ಕಾಗದಕ್ಕೆ ಕೆಲಸ ಒಪ್ಪಿಸಿದೆ.

ಹದಿನೇಳನೇ ಪುಟ ಓದಲು ಅವಳಿಗೆ ಹತ್ತು ನಿಮಿಷ ಹಿಡಿಯಿತು. ಯಾರೂ ಸಹಾಯ ಮಾಡಲಿಲ್ಲ. ಕೆಳಗೆ ಪೈಪು ಕೊಯ್ಯುವುದೂ ನಿಂತಿತ್ತು. ಕೊನೆಯ ಪುಟಕ್ಕೆ ಬಂದಳು. ಅಲ್ಲಿ ಓದುವುದು ಏನೂ ಇರಲಿಲ್ಲ.

"ಈ ಬಾಲ ನಂಗೆ ಗೊತ್ತು" ಎಂದಳು.

ಅವಳ ಮುಖ ನೋಡಲಾಗಲಿಲ್ಲ. ಬೋರ್ಡು ನೋಡಿದೆ. ಅಲ್ಲಿ ಆ ಸಾಲು.

"ಓದಿದ್ರಾ ಮೇಡಂ?"

"ಇಲ್ಲ."

"ಒಂದು ಪುಟಾನೂ?"

"ಇಲ್ಲ."

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕವರಿನಿಂದ ಉಳಿದ ಪುಟಗಳನ್ನೂ ತೆಗೆದು ನನ್ನ ಕಡೆ ತಳ್ಳಿದಳು. "ಈಗ ಓದಿ. ಮೊದಲನೇ ಪುಟದಿಂದ. ಗಟ್ಟಿಯಾಗಿ."

ಹದಿನಾಲ್ಕು ವರ್ಷ ಹೆಂಗಸರನ್ನು ನಿಲ್ಲಿಸಿ ಓದಿಸಿದವಳು ಇವತ್ತು ನಿಂತು ಓದಿದೆ. ಇಪ್ಪತ್ತೆರಡು ಪುಟ. ಒಂದು ಕಡೆ ಸಾಲು ಹಾರಿಸಿದೆನೇನೋ, ಲಿಫ್ಟ್ ಅಕ್ಕ "ಇನ್ನೊಂದ್ಸಲ" ಎಂದಳು. ಹನ್ನೊಂದನೇ ಪುಟದಲ್ಲಿ ನಮ್ಮ ಫೋಟೋಗಳನ್ನು ಕೇಳದೆ ಬಳಸಬಹುದು ಎಂದಿದೆ. ಇಪ್ಪತ್ತರಲ್ಲಿ, ಸ್ಥಳೀಯ ನಿರ್ದೇಶಕಿಯನ್ನು ಹೆಡ್ ಆಫೀಸು ಯಾವಾಗ ಬೇಕಾದರೂ ತೆಗೆಯಬಹುದು, ಕಾರಣ ಕೊಡಬೇಕಿಲ್ಲ. ಇದಕ್ಕೇ ನನ್ನ ಎದೆ ಉಬ್ಬಿದ್ದು.

ಮಾರ್ಚ್ 28, ಶನಿವಾರ. ಸಂಜೆ 6

ಸಿಟ್ಟು ಬಂದಿದೆ. ತರಗತಿಯ ಹೆಂಗಸರ ಮೇಲೆ.

ಅವರೇ ಒಂದು ಕಾಗದ ಬರೆದರು. ಸೋಮವಾರದ ಕಾರ್ಯಕ್ರಮಕ್ಕೆ ಒಯ್ಯುತ್ತಾರಂತೆ. ಬರೆದದ್ದು ಲಿಫ್ಟ್ ಅಕ್ಕ, ಹೇಳಿದ್ದು ಟೈಲರ್. ಒತ್ತಕ್ಷರ ಎಲ್ಲಿಂದೆಲ್ಲಿಗೋ ಹಾರಿವೆ. ತಿದ್ದಲು ಕೈ ಚಾಚಿದರೆ ಮೊಟ್ಟೆಯಮ್ಮ ಕೈ ಮೇಲೆ ಹೊಡೆದಳು. "ನೀವು ಮುಟ್ಬೇಡಿ."

ಮೊದಲನೆಯದು: ನಾವು ಕೊಟ್ಟ ನಂಬರ್ ತಪ್ಪಲ್ಲ. ಫೋನ್ ಯಾರ ಕೈಯಲ್ಲಿ ಎಂದು ನೀವು ಕೇಳಲಿಲ್ಲ. ಎರಡನೆಯದು: ನಮ್ಮ ನಂಬರ್ ಎಲ್ಲ ಅಳಿಸಿ, ಹಸಿರು ಪುಸ್ತಕ ವಾಪಸ್ ಕೊಡಿ, ಮೆಷಿನ್ ರಿಪೇರಿ ಮಾಡಿಸಿ ಕೊಡಿ. ಇಲ್ಲಿಯವರೆಗೆ ಚೆನ್ನಾಗಿತ್ತು. ಮೂರನೆಯದು:

ಓದದೆ ಸಹಿ ಹಾಕಿದ್ದು ನಮ್ಮ ಮೇಡಂ. ಅದನ್ನು ಅವರೇ ಎಲ್ಲರ ಮುಂದೆ ಎದ್ದು ನಿಂತು ಹೇಳಬೇಕು.

"ಇದು ಬೇಕಾ?" ಎಂದೆ. ದನಿ ಏರಿತು. "ಹದಿನಾಲ್ಕು ವರ್ಷ ನಿಮಗೋಸ್ಕರ ಸತ್ತಿದೀನಿ. ಅವನು ಕಾಯ್ತಿರೋದೇ ಇದಕ್ಕೆ. ನನ್ನ ಹೊರಗೆ ಹಾಕ್ತಾನೆ. ಆಮೇಲೆ ಕೇಂದ್ರ ಯಾರು ನೋಡ್ಕೋತಾರೆ?"

ಟೈಲರ್ ನಾಲ್ಕನೆಯದನ್ನು ತೋರಿಸಿದಳು: ನಿರ್ದೇಶಕಿ ಯಾರು ಎಂದು ಇಲ್ಲಿಗೆ ಬರುವ ಹೆಂಗಸರು ಕೂತು ಓದಿ ತೀರ್ಮಾನಿಸುತ್ತಾರೆ.

"ನನ್ನನ್ನ ಬೇಡ ಅಂತೀರಾ ಹಾಗಾದ್ರೆ?"

"ಗೊತ್ತಿಲ್ಲ ಮೇಡಂ. ಮೊದಲು ಮೂರನೇದು ಆಗ್ಲಿ" ಎಂದಳು. ಎಡಗೈಯಲ್ಲಿ ಸಹಿ ಹಾಕಿದಳು. ಬಾಲವಿಲ್ಲದ ಸಹಿ.

ಮೊಟ್ಟೆಯಮ್ಮ ಮೆಟ್ಟಿಲಿಳಿಯುವಾಗ ಹಿಂದಿರುಗಿ ನೋಡಿದಳು. "ಬೇರೆ ಯಾರಾದ್ರೂ ಆಗಿದ್ರೆ ಬರೀತಾನೇ ಇರ್ಲಿಲ್ಲ, ಬಿಟ್ಟು ಹೋಗ್ತಿದ್ವಿ." ಸಮಾಧಾನಕ್ಕೆ ಹೇಳಿದಳೋ ಏನೋ. ಸಮಾಧಾನವಾಗಲಿಲ್ಲ.

ಮಾರ್ಚ್ 30, ಸೋಮವಾರ. ಬೆಳಿಗ್ಗೆ 10.40

ಹೆಡ್ ಆಫೀಸಿನ ಹಾಲ್. ಎದುರಿಗೆ ಬ್ಯಾನರ್, ಅದರಲ್ಲಿ ನನ್ನ ಹೆಸರು ಬಂಗಾರದ ಬಣ್ಣದಲ್ಲಿ. ಕೊನೆಯ ಸಾಲಿನಲ್ಲಿ ಕೂತಿದ್ದೇನೆ, ತೊಡೆಯ ಮೇಲೆ ಈ ಡೈರಿ. ಮೀಟಿಂಗಿನ ನಡಾವಳಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದಾರೆ. ಸಹಿ ಹಾಕದ ಹೇಳಿಕೆ ಚೀಲದಲ್ಲಿದೆ. ಪಕ್ಕದಲ್ಲಿ ಹನ್ನೊಂದು ಜನ. ಮೊಟ್ಟೆಯಮ್ಮನ ಬುಟ್ಟಿಯನ್ನು ಕೆಳಗಿನ ಸೆಕ್ಯುರಿಟಿಯವನು ಇಳಿಸಿಕೊಂಡ, ಒಳ್ಳೆಯದೇ ಆಯಿತು. ದಾನಿಗಳು ಬಂದು ಕೂತಿದ್ದಾರೆ.

10.55

ಟೈಲರ್ ಎದ್ದು ಹೋಗಿ ಕಾಗದವನ್ನು ಸ್ಲೈಡ್ ಸಾಹೇಬನ ಮುಂದಿಟ್ಟಳು. ಅವನ ಮುಖ ಬಿಳಿಚಿಕೊಂಡಿತು. ದಾನಿಗಳ ಕಡೆ ನೋಡಿ ಹಲ್ಲು ಕಿರಿದ. "ಮನವಿನಾ? ಖಂಡಿತ ಅಮ್ಮ, ಖಂಡಿತ. ಎಲ್ಲಿ ಹಾಕ್ಬೇಕು ಸಹಿ?" ಪೆನ್ನು ತೆಗೆದೇಬಿಟ್ಟ.

ಅವಳು ಪಟ್ಟಿ ಕಟ್ಟಿದ ಕೈಯನ್ನು ಕಾಗದದ ಮೇಲಿಟ್ಟಳು. "ಓದಿ ಸರ್."

"ಆಮೇಲೆ ಓದ್ತೀನಿ ಅಮ್ಮ, ಈಗ—"

"ಈಗ. ಗಟ್ಟಿಯಾಗಿ."

ದಾನಿಗಳಲ್ಲಿ ಒಬ್ಬಾಕೆ ಕನ್ನಡಕ ಹಾಕಿಕೊಂಡು "ಓದ್ರಿ, ಓದ್ರಿ" ಎಂದಳು.

ಓದುತ್ತಿದ್ದಾನೆ. ಸ್ಲೈಡಿಲ್ಲದೆ ಇವನು ಓದುವುದನ್ನು ಇದೇ ಮೊದಲು ಕೇಳುತ್ತಿರುವುದು, ತೊದಲುತ್ತಾನೆ. ಮೊದಲನೆಯದು ಮುಗಿಯಿತು. ನಂಬರ್ ತಪ್ಪಲ್ಲ. ಎರಡನೆಯದು. ಮೆಷಿನ್ ಎಂಬಲ್ಲಿ ನಿಂತ, ಮತ್ತೆ ಓದಿದ. ಮೂರನೆಯದಕ್ಕೆ ಬಂದ. ಕಣ್ಣಾಡಿಸಿದ, ತಲೆಯೆತ್ತಿ ನನ್ನನ್ನೇ ಹುಡುಕುತ್ತಿದ್ದಾನೆ. ತುಟಿಯಲ್ಲಿ ಸಣ್ಣ ನಗು. ಓದಿದ, ಇದನ್ನು ಮಾತ್ರ ತೊದಲದೆ.

ಎಲ್ಲರೂ ತಿರುಗಿದ್ದಾರೆ. ಟೈಲರ್ ಮಾತ್ರ ತಿರುಗಿಲ್ಲ, ಕಾಗದದ ಮೇಲೆ ಕೈಯಿಟ್ಟು ಕಾಯುತ್ತಿದ್ದಾಳೆ. ಬರೆಯುತ್ತಾ ಕೂತರೆ ಏಳುವುದು ತಪ್ಪುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಸಾಕು. ಏಳು—